ಎಡಕ್ಕೆ ವಾಲಿದ ಜ್ವಾಲೆ

ಬಹಳ ಹಿಂದೆ, ಪ್ರಾಣಿಪಕ್ಷಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಮೇಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕ್ಯಾಮೆರಾ ಕೂಡ ಇತ್ತು. ಆ ಕಾಲದಲ್ಲಿ ಅದೆಲ್ಲಿಂದ ಬಂತು ಎಂದು ಕೇಳುವವರು, ಪ್ರಾಣಿಪಕ್ಷಿಗಳು ಮಾತಾಡಿದ್ದನ್ನು ಮಾತ್ರ ಯಾಕೆ ಸುಮ್ಮನೆ ಒಪ್ಪಿಕೊಂಡೆವು ಎಂದು ಮೊದಲು ಯೋಚಿಸಲಿ.

ರಾಜ್ಯ ಆಳುತ್ತಿದ್ದವನು ಮಸಿಕೇತನೆಂಬ ಮಂತ್ರವಾದಿ. ರಾಜನೂ ಇದ್ದ. ಆದರೆ ಒಂದು ದಿನ ಅವನು ಮಸಿಕೇತನ ಮಾತಿನ ನಡುವೆ ಕೆಮ್ಮಿದ್ದರಿಂದ ಮೇಣದಬತ್ತಿಯಾಗಿ ಅರಮನೆಯ ಗೂಡಿನಲ್ಲಿ ನಿಂತಿದ್ದ. ಎದುರಾಡಿದವರಿಗೆಲ್ಲ ಅದೇ ಗತಿ. ಗೂಡಿನಲ್ಲಿ ಆಗಲೇ ಎಂಬತ್ತು ಬತ್ತಿಗಳಿದ್ದವು.

ಎಂಬತ್ತೊಂದನೆಯದು ಸಂಕಮ್ಮ. ಆಕೆ ಮೇಣದಬತ್ತಿ ಮಾಡುವವಳು. ದಾರವನ್ನು ಬಿಸಿ ಮೇಣದಲ್ಲಿ ಅದ್ದಿ, ಆರಿಸಿ, ಮತ್ತೆ ಅದ್ದಿ, ಹೀಗೆ ನಲವತ್ತು ಸಲ ಅದ್ದಿ ಬತ್ತಿ ಮಾಡುತ್ತಿದ್ದಳು. ಉರಿಯುವ ಬತ್ತಿಗಳು ಮೇಣ ಸುರಿಸಬಾರದು ಎಂದು ಮಸಿಕೇತ ಕಟ್ಟಳೆ ಹೊರಡಿಸಿದಾಗ ಆಕೆ ತಲೆಯನ್ನು ಎಡಕ್ಕೆ ವಾಲಿಸಿ, "ನಿಮ್ಮ ಕಟ್ಟಳೆಯನ್ನು ಬೆಂಕಿಗೆ ಓದಿ ಹೇಳಿ ಸ್ವಾಮಿ. ಅದು ಒಪ್ಪಿದರೆ ನನ್ನದೇನೂ ಇಲ್ಲ" ಎಂದಳು. ಯಾರನ್ನು ಬೈಯುವಾಗಲೂ ಆಕೆಯ ತಲೆ ಎಡಕ್ಕೆ ವಾಲುತ್ತಿತ್ತು. ಆ ಮಾತು ಮುಗಿಯುವಷ್ಟರಲ್ಲಿ ಆಕೆ ಒಂದು ಗೇಣುದ್ದದ ಬತ್ತಿಯಾಗಿದ್ದಳು.

ಸುದ್ದಿ ಕೇಳಿ ಆಕೆ ಸಾಕಿದ ತಂಗಿಮಗಳು ತುಂಬೆ, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅರಮನೆಗೆ ಬಂದಳು.

"ನನ್ನ ದೊಡ್ಡಮ್ಮನನ್ನು ಬಿಡಿ."

"ಬಿಡೋಣ" ಎಂದ ಮಸಿಕೇತ. ಪ್ರತಿ ಮಾಯೆಗೂ ಬಿಡುಗಡೆಯ ದಾರಿಯೊಂದನ್ನು ಇಡಬೇಕು, ಕೇಳಿದವರಿಗೆ ಹೇಳಬೇಕು ಎಂಬುದು ಮಂತ್ರವಾದಿಗಳ ಕಟ್ಟುಪಾಡು. ಮಸಿಕೇತ ದಾರಿ ಇಟ್ಟಿದ್ದ. ದಾರಿಗೆ ಅಡ್ಡಲಾಗಿ ಒಂದು ಸಮಿತಿಯನ್ನೂ ಇಟ್ಟಿದ್ದ. "ಉರಿಯುವ ಬತ್ತಿಯ ಚಿತ್ರ ತೆಗೆ. ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೇ ಕಂಡರೆ ಮಾಯೆ ಕಳಚುತ್ತದೆ. ಮೂರೇ ಗಾಜಿನ ಹಲಗೆ, ಮೂರೇ ಚಿತ್ರ. ಅಷ್ಟರೊಳಗೆ ಬತ್ತಿ ಉರಿದು ಹೋದರೆ ದೊಡ್ಡಮ್ಮನೂ ಹೋದಳು. ಹೇಗೆ ತೆಗೆಯಬೇಕೆಂದು ನನ್ನ ಪರೀಕ್ಷಕರು ಹೇಳಿಕೊಡುತ್ತಾರೆ. ಬಹಳ ತಿಳಿದವರು."

ಬತ್ತಿ ಹೊತ್ತಿಸಿದರು.

ಮೊದಲ ಪರೀಕ್ಷಕ ಗೂಬೆ. ಅದಕ್ಕೆ ಹಗಲಲ್ಲಿ ಏನೂ ಕಾಣದು. ಹಾಗಾಗಿ ಬೆಳಕಿನ ವಿಭಾಗವನ್ನು ಅದಕ್ಕೇ ಒಪ್ಪಿಸಿದ್ದರು.

"ಬೆಳಕು ಸಾಲದು" ಎಂದಿತು ಗೂಬೆ. "ಕಿಟಕಿ ತೆರೆ. ದೀವಟಿಗೆ ತರಿಸು. ಒಂದಲ್ಲ, ನೂರು ತರಿಸು."

ಮನಸ್ಸೊಪ್ಪದಿದ್ದರೂ ತುಂಬೆ ಹೇಳಿದಂತೆ ಮಾಡಿದಳು. ಗುಂಡಿ ಒತ್ತಿದಳು. ಅದು ಮಾಯಾರಾಜ್ಯವಾದ್ದರಿಂದ ಚಿತ್ರ ಕೂಡಲೇ ಗಾಜಿನ ಮೇಲೆ ಮೂಡಿತು. ನೂರು ದೀವಟಿಗೆಗಳ ಬೆಳಕಿನಲ್ಲಿ ಮೇಣದ ಕೋಲೊಂದು ಬೆಳ್ಳಗೆ ನಿಂತಿತ್ತು. ಜ್ವಾಲೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

"ಅದ್ಭುತ" ಎಂದಿತು ಗೂಬೆ. ಮಾಯೆ ಕಳಚಲಿಲ್ಲ. ಬತ್ತಿ ನಾಲ್ಕು ಬೆರಳು ಕರಗಿತ್ತು.

ಎರಡನೆಯ ಪರೀಕ್ಷಕ ನವಿಲು.

"ಒಂಟಿ ಬತ್ತಿಯನ್ನು ಯಾರಮ್ಮ ನೋಡ್ತಾರೆ? ಪಕ್ಕದಲ್ಲಿ ದ್ರಾಕ್ಷಿ ಇಡು. ರೇಷ್ಮೆ ಹಾಸು. ಒಂದು ಕನ್ನಡಿ, ಒಂದು ವೀಣೆ. ಹಿಂದೆ ಗರಿಗಳಿರಲಿ. ಗರಿ ನಾನೇ ಕೊಡ್ತೇನೆ."

"ಬತ್ತಿ ಎಲ್ಲಿಡಲಿ?" ಎಂದಳು ತುಂಬೆ.

"ಜಾಗ ಉಳಿದರೆ ಇಡು."

ತುಂಬೆ ಹಲ್ಲು ಕಚ್ಚಿ ಎಲ್ಲ ಜೋಡಿಸಿದಳು. ಚಿತ್ರದಲ್ಲಿ ದ್ರಾಕ್ಷಿ ಬಹಳ ಚೆನ್ನಾಗಿ ಬಂತು. ಗರಿಗಳ ಬಗ್ಗೆ ನವಿಲು ಅರ್ಧ ಗಳಿಗೆ ಮಾತಾಡಿತು. ವೀಣೆಯ ಬಿರಡೆಗಳ ನಡುವೆ ಸಾಸಿವೆಯಷ್ಟು ಬೆಳಕೊಂದು ಕಾಣುತ್ತಿತ್ತು. ಅದೇ ಸಂಕಮ್ಮ. ಮಾಯೆ ಕಳಚಲಿಲ್ಲ. ಬತ್ತಿ ಈಗ ಹೆಬ್ಬೆರಳಷ್ಟು ಉಳಿದಿತ್ತು.

ಮೂರನೆಯ ಪರೀಕ್ಷಕ ಕೊಕ್ಕರೆ. ಅದು ಒಂಟಿ ಕಾಲಿನ ಮೇಲೆ ನೆಟ್ಟಗೆ ನಿಂತು ಬತ್ತಿಯನ್ನು ದಿಟ್ಟಿಸಿತು.

"ಎರಡು ದೋಷ. ಮೇಣ ಸುರಿದಿದೆ, ಹೆರೆದು ತೆಗೆ. ಜ್ವಾಲೆ ಎಡಕ್ಕೆ ವಾಲಿದೆ, ನೆಟ್ಟಗೆ ಮಾಡು."

ತುಂಬೆ ಚಾಕು ಕೈಗೆತ್ತಿಕೊಂಡಳು. ಬಾಗಿ ಜ್ವಾಲೆಯನ್ನು ನೋಡಿದಳು. ಸಭೆಯಲ್ಲಿ ಗಾಳಿಯೇ ಇರಲಿಲ್ಲ. ನೂರು ದೀವಟಿಗೆಗಳೂ ನೆಟ್ಟಗೆ ಉರಿಯುತ್ತಿದ್ದವು. ಇದೊಂದೇ ಎಡಕ್ಕೆ ವಾಲಿತ್ತು. ಬೆಳಗಿನಿಂದ ಎರಡು ಹಲಗೆ ಹಾಳು ಮಾಡಿದ್ದಕ್ಕೆ ದೊಡ್ಡಮ್ಮ ತನ್ನನ್ನು ಬೈಯುತ್ತಿದ್ದಾಳೆ ಎಂದು ತುಂಬೆಗೆ ಆಗ ಗೊತ್ತಾಯಿತು.

ಅವಳು ಚಾಕು ಕೆಳಗಿಟ್ಟಳು.

"ಮಾಡೋದಿಲ್ಲ."

ಕೊಕ್ಕರೆ ಇನ್ನೊಂದು ಕಾಲನ್ನೂ ಕೆಳಗಿಟ್ಟಿತು. ಹದಿನಾಲ್ಕು ವರ್ಷದಲ್ಲಿ ಅದು ಮೊದಲ ಸಲ.

"ಪರೀಕ್ಷಕರು ಒಪ್ಪಬೇಕಲ್ಲ!" ಎಂದಿತು.

"ಇದ್ದದ್ದು ಇದ್ದ ಹಾಗೇ ಕಾಣಬೇಕು ಅಂತಷ್ಟೇ ಮಂತ್ರ. ನಿಮ್ಮ ಒಪ್ಪಿಗೆ ಅದರಲ್ಲಿ ಎಲ್ಲಿದೆ?"

ತುಂಬೆ ವೀಣೆ ಎತ್ತಿ ನವಿಲಿನ ಕೊರಳಿಗೆ ತೂಗುಹಾಕಿದಳು. ದೀವಟಿಗೆಗಳನ್ನು ಒಂದೊಂದಾಗಿ ನೀರಿಗೆ ಅದ್ದಿದಳು. ಕಿಟಕಿಗಳನ್ನು ಮುಚ್ಚಿ, ಒಂದರ ಬಾಗಿಲನ್ನು ಮಾತ್ರ ಎರಡು ಬೆರಳಗಲ ಬಿಟ್ಟಳು. ಬತ್ತಿಯ ಬಲಕ್ಕೆ ಅಂಗೈಯಗಲದ ಬಿಳಿ ಕಾಗದ ನಿಲ್ಲಿಸಿದಳು. ಸುರಿದ ಮೇಣದ ಮೇಲೆ ಬೆಳಕು ಮೆಲ್ಲಗೆ ಮೂಡಿತು.

"ಇನ್ನು ಹಿನ್ನೆಲೆಗೆ ಕಪ್ಪು ಬೇಕು" ಎಂದಳು. "ಸ್ವಾಮಿ, ನಿಮ್ಮ ನಿಲುವಂಗಿಗಿಂತ ಕಪ್ಪು ಈ ಅರಮನೆಯಲ್ಲಿ ಇಲ್ಲ. ಬನ್ನಿ, ಬತ್ತಿಯ ಹಿಂದೆ ನಿಲ್ಲಿ. ನಾನು ಗೆಲ್ಲುತ್ತೇನೆ ಅನ್ನಿಸಿದರೆ ಅಲ್ಲಿಂದಲೇ ಊದಿ ಆರಿಸಿಬಿಡಬಹುದು."

ಮಸಿಕೇತನಿಗೆ ಈ ಏರ್ಪಾಡು ಬಹಳ ಹಿಡಿಸಿತು. "ಬುದ್ಧಿ ಕಡಿಮೆ ಕಣೇ ನಿನಗೆ" ಎಂದು ಮರುಕದಿಂದ ಹೇಳಿ ಬತ್ತಿಯ ಹಿಂದೆ ಬಂದು ನಿಂತ.

ತುಂಬೆ ಉಸಿರು ಬಿಗಿಹಿಡಿದಳು. ಜ್ವಾಲೆ ಒಮ್ಮೆ ನಡುಗಿತು. ಅವಳು ಕಾದಳು. ಬತ್ತಿ ಉಗುರಿನಷ್ಟಾಯಿತು. ಅವಳು ಇನ್ನೂ ಕಾದಳು. ಊದಲು ಮಸಿಕೇತ ಕೆನ್ನೆ ಉಬ್ಬಿಸಿದ. ಅದೇ ಗಳಿಗೆಯಲ್ಲಿ ಜ್ವಾಲೆ ಎಡಕ್ಕೆ ವಾಲಿ ಅಲುಗದೆ ನಿಂತಿತು.

ಗುಂಡಿ ಒತ್ತಿದಳು.

ಮೂರನೆಯ ಗಾಜಿನಲ್ಲಿ ಹೊಂಬಣ್ಣದ ಜ್ವಾಲೆ ಮೂಡಿತು. ಅದರ ನಡುವೆ ಬೈಯಲು ಬಾಯಿ ತೆರೆದ ಒಂದು ಮುಖ. ಹಿಂದೆ, ಮಂತ್ರವಾದಿ ನಿಂತಿದ್ದ ಕಡೆ, ಮೊರದಗಲದ ಮಸಿ. ಇದ್ದದ್ದು ಇದ್ದ ಹಾಗೇ ಬಂದಿತ್ತು.

ಮೇಜಿನ ಮೇಲೆ ಸಂಕಮ್ಮ ಕಾಲು ಇಳಿಬಿಟ್ಟು ಕುಳಿತಿದ್ದಳು. ಅದೇ ಚಿತ್ರದಲ್ಲಿ ಸಿಕ್ಕಿಬಿದ್ದ ಮಸಿಕೇತನ ಮಾಯೆಯೂ ಕಳಚಿತ್ತು, ಅವನು ಇರಲಿಲ್ಲ. ಗೋಡೆಯ ಮೇಲೆ ಒಂದು ಕರಿ ಕಲೆ ಇತ್ತು. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದಾಗ ಅದೂ ಹೋಯಿತು. ಮಾಯೆ ಮಾಡಿದವನೇ ಇಲ್ಲವಾದ್ದರಿಂದ ಗೂಡಿನಿಂದ ಎಂಬತ್ತು ಜನ ಒಬ್ಬರ ಮೇಲೊಬ್ಬರು ಉರುಳಿ ಬಿದ್ದರು. ರಾಜ ಎಲ್ಲರ ಅಡಿಯಲ್ಲಿದ್ದ. ಮನಸಾರೆ ಕೆಮ್ಮಿದ.

"ಬಹಳ ಹೊತ್ತು ಮಾಡಿದೆಯಲ್ಲೇ" ಎಂದಳು ಸಂಕಮ್ಮ. ಒಂದು ಗೇಣಿನಲ್ಲಿ ಉಗುರಿನಷ್ಟು ಉಳಿದು ಬಂದವಳಿಗೆ ಹಾಗನ್ನುವ ಹಕ್ಕಿತ್ತು. ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಚೆನ್ನಾಗೇ ಬಂದಿದೆ. ಆದರೆ ಇದೇನೇ, ನಾನು ಇಷ್ಟು ಸೊಟ್ಟ ನಿಲ್ತೀನಾ? ಇದೊಂದನ್ನು ಸ್ವಲ್ಪ ಸರಿ ಮಾಡೇ."

"ಮಾಡೋದಿಲ್ಲ ದೊಡ್ಡಮ್ಮ."

ಸಂಕಮ್ಮ ತಲೆಯನ್ನು ಎಡಕ್ಕೆ ವಾಲಿಸಿದಳು.

ಆ ಬೈಗುಳ ಸಂಜೆಯವರೆಗೂ ನಡೆಯಿತು. ತುಂಬೆ ಒಂದು ಮಾತೂ ತಪ್ಪದಂತೆ ಕೇಳಿಸಿಕೊಂಡಳು. ಸಮಿತಿಯನ್ನು ಬರ್ಖಾಸ್ತು ಮಾಡಿದರು. ಮೇಣಾವತಿಯ ಬತ್ತಿಗಳು ಅಂದಿನಿಂದ ಮನಸ್ಸು ಬಂದಷ್ಟು ಮೇಣ ಸುರಿಸಿದವು, ಜನ ಮನಸ್ಸು ಬಂದಾಗೆಲ್ಲ ಕೆಮ್ಮಿದರು, ಎಲ್ಲರೂ ತಮತಮಗೆ ಬೇಕಾದ ಕಡೆಗೆ ವಾಲಿಕೊಂಡು ಸುಖವಾಗಿದ್ದರು.