ಯಾರನ್ನ ಕೇಳಿ ಹಾಕಿದ್ರಿ?

ಸವದತ್ತಿ ಬಸ್‌ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವಳೇ ಪ್ರಜ್ಞಾ, ಹಳೇ ಲ್ಯಾಪ್‌ಟಾಪನ್ನು ಕೌಂಟರ್ ಮೇಲೆ ಕುಕ್ಕಿದಳು.

"ಯಾರನ್ನ ಕೇಳಿ ಇದನ್ನ ಹಾಕಿದ್ರಿ?"

ಅಂಗಡಿಯ ಆಕಾಶ ತಲೆಯೆತ್ತಿ ನೋಡಿದ. ನಕ್ಕ. ಆ ನಗು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು. ಇದೇ ನಗುವಿಗಾಗಿ ಒಮ್ಮೆ, ಚಾರ್ಜರ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಬಂದಿದ್ದಳು. ನೆನೆದು ತನ್ನ ಮೇಲೂ ಸಿಟ್ಟು ಬಂತು.

"ವಿಂಡೋಸ್ ತಗದು ಪಪ್ಪಿ ಲಿನಕ್ಸ್ ಹಾಕೇನ್ರಿ. ಹಳೇ ಲ್ಯಾಪ್‌ಟಾಪು, ರ‍್ಯಾಮ್ ಕಡಿಮಿ. ಇದು ಭಾಳ ಹಗುರ. ನಿಮ್ಮ ಕೆಲಸಕ್ಕ ಸಾಕು."

"ಸಾಕು ಅನ್ನಾಕ ನೀವ್ಯಾರ್ರಿ? ನಮ್ಮೂರ ಹುಡುಗ್ಯಾರಿಗೆ ಕನ್ನಡ ಟೈಪಿಂಗ್ ಕಲಸಬೇಕು ಅಂದಿದ್ನಿಲ್ಲ? ನಿನ್ನೆ ಮುನವಳ್ಳ್ಯಾಗ ಎಲ್ಲಾರೂ ಕುಂತಿದ್ರು. 'ಅ' ಒತ್ತಿದ್ರ ಚೌಕ ಡಬ್ಬಿ, 'ಕ' ಒತ್ತಿದ್ರ ಚೌಕ ಡಬ್ಬಿ! ಬಿದ್ದ ಬಿದ್ದ ನಕ್ರು."

"ಕನ್ನಡ ಫಾಂಟ್ ಹಾಕೂದು ಮರತೆ."

"ಮರೀಲಿಲ್ಲ. ಕೇಳಲಿಲ್ಲ. ಕೇಳೂದ ನಿಮಗ ಗೊತ್ತಿಲ್ಲ. ಸುಂದರವ್ವ ಅತ್ತಿ ನಮ್ಮ ಲಗ್ನದ ಮಾತ ತಗದಾಗೂ ಹಿಂಗ ಮಾಡಿದ್ರಿ."

ಅವನ ನಗು ನಿಂತಿತು.

ಸುಂದರವ್ವ ಅವನ ತಾಯಿ. ಪ್ರಜ್ಞಾಳ ಮನೆಗೆ ಸಂಬಂಧ ಕೇಳಲು ಹೊರಟವಳನ್ನು ಅವನೇ ತಡೆದಿದ್ದ. "ಆಕಿ ಮಾಸ್ತರಿಕಿ ಪರೀಕ್ಷಾ ಬರಿಯಾಕಿ. ನಾಳೆ ಧಾರವಾಡ ಸೇರತಾಳ. ನನ್ನ ಅಂಗಡ್ಯಾಗ ಆಕಿನ್ನ ಕಟ್ಟಿ ಹಾಕೂದು ಬ್ಯಾಡವ್ವ" ಎಂದಿದ್ದನಂತೆ. ಸಂತೆಯಲ್ಲಿ ಸಿಕ್ಕ ಸುಂದರವ್ವನೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳಿಗೆ ಹೇಳಿದ್ದಳು.

"ನಿಮ್ಮ ಒಳ್ಳೇದಕ್ಕ..."

"ನನ್ನ ಒಳ್ಳೇದು ನಿಮ್ಮ ಗುತ್ತಿಗಿ ಐತೇನ್ರಿ?"

ಅವಳು ಲ್ಯಾಪ್‌ಟಾಪ್ ಎತ್ತಿಕೊಳ್ಳಲು ಹೋದಳು. ಆಕಾಶ ಅದರ ಮೇಲೆ ಕೈಯಿಟ್ಟ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದೆ ಎಳೆದುಕೊಂಡರು.

"ಕುಂದರ್ರಿ. ಬ್ಯಾರೆ ಬ್ಯಾರೆ ಲಿನಕ್ಸ್ ಪೆನ್‌ಡ್ರೈವಿನಿಂದನ ನಡಸಿ ತೋರಸತೇನಿ. ನೀವ ಆರಸ್ರಿ."

ಮುಖ ಗಂಟಿಕ್ಕಿಕೊಂಡೇ ಕುಳಿತಳು. ಮೊದಲು ತೋರಿಸಿದ ಮಿಂಟ್ ಎಂಬ ಲಿನಕ್ಸ್ ನೋಡಲು ಚೆಂದವಿತ್ತು, ಆದರೆ ಫ್ಯಾನು ಗುರ್ರೆಂದು ಏದುಸಿರು ಬಿಟ್ಟಿತು. ಆಂಟಿಎಕ್ಸ್ ಚುರುಕಾಗಿತ್ತು, ಆದರೆ ಹೊಸದಾಗಿ ಕಲಿಯುವ ಹುಡುಗಿಯರು ಅದರ ಮೆನುಗಳಲ್ಲಿ ದಾರಿ ತಪ್ಪುತ್ತಾರೆಂದು ಅವಳಿಗೆ ಅನ್ನಿಸಿತು. ಕೊನೆಗೆ ಲುಬುಂಟುವಿನಲ್ಲಿ ಅವನು ಕನ್ನಡ ಕೀಬೋರ್ಡ್ ಹಾಕಿಕೊಟ್ಟ. ಅವಳು ಊರಿನ ಹೆಸರು ಒತ್ತಿದಳು. ಮುನವಳ್ಳಿ. ಒತ್ತಕ್ಷರ ಸಮೇತ ಮೂಡಿತು.

"ಇದ."

"ಇದು ಸ್ವಲ್ಪ ತಡಾ..." ಅವಳು ಕಣ್ಣು ಕೆಕ್ಕರಿಸಿದಳು. ಅವನು ಬಾಯಿ ಮುಚ್ಚಿದ. "ಆತ್ರಿ. ಇದ."

ಇನ್‌ಸ್ಟಾಲ್ ಆಗುತ್ತಿರುವಾಗ ಅವನು ಪರದೆಯನ್ನೇ ನೋಡುತ್ತ ಹೇಳಿದ, "ಒಳ್ಳೇದಕ್ಕ ಅಂದದ್ದು ಸುಳ್ಳ ಪ್ರಜ್ಞಾ ಅವರ. ನನಗ ಅಂಜಿಕಿ ಇತ್ತು. ನೀವು ಒಲ್ಲೆ ಅಂದ್ರ ತಡಕೊಳ್ಳಾಕ ಆಗತಿರಲಿಲ್ಲ. ಅದಕ್ಕ ನಿಮ್ಮಕಿಂತ ಮೊದಲ ನಾನ ಒಲ್ಲೆ ಅಂದೆ."

ಎಷ್ಟು ದಿನ ಇದೇ ಸಂಕಟದಲ್ಲಿ ಅವಳು ಊಟ ಬಿಟ್ಟಿದ್ದಳು, ಈ ಮನುಷ್ಯನ ಅಂಜಿಕೆಗಾಗಿ!

"ಎಂಥಾ ಹುಚ್ಚ ಮನಶ್ಯಾರ್ರಿ ನೀವು!"

"ಹೌದ್ರಿ. ಈಗ ಕೇಳತೇನಿ. ನನ್ನ ಲಗ್ನ ಆಗ್ತೀರೇನು?"

"ನೌಕರಿ ಸಿಕ್ರ ನಾ ಧಾರವಾಡಕ್ಕ ಹೋಗಾಕಿನ."

"ಹೋಗ್ರಿ."

"ನೋಡ್ರಿ, ಮತ್ತ ಕೇಳದ ಹೇಳಾಕ ಹತ್ತಿದ್ರಿ!"

ಅವನು ನಾಲಿಗೆ ಕಚ್ಚಿಕೊಂಡ. "ನಾನೂ ಬರಲೇನು? ಅಂಗಡಿ ಅಲ್ಲೂ ಹಾಕಬಹುದು."

ನಗು ಕಾಣದಂತೆ ಪ್ರಜ್ಞಾ ಮುಖ ತಿರುಗಿಸಿದಳು. ಆದರೂ ಅವನಿಗೆ ಕಂಡಿತು.

"ಬರ್ರಿ. ಆದ್ರ ಸಿಟ್ಟು ಇನ್ನೂ ಇಳದಿಲ್ಲ."

"ಅವ್ವಗ ಇವತ್ತ ಹೇಳಿಬಿಡ್ಲೇನು?"

ಇನ್‌ಸ್ಟಾಲ್ ಮುಗಿದ ಲ್ಯಾಪ್‌ಟಾಪನ್ನು ಅವಳು ಬ್ಯಾಗಿಗೆ ಹಾಕಿ ಹೆಗಲಿಗೇರಿಸಿದಳು.

"ನೀವು ಏನೂ ಹೇಳಬ್ಯಾಡ್ರಿ. ನಾನ ಹೇಳತೇನಿ."

ಹೊರಗೆ ಮುನವಳ್ಳಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದರತ್ತ ನೋಡದೆ ಅವಳು ಅವನ ಮನೆಯ ಓಣಿ ಹಿಡಿದಳು.