ನಿರಪರಾಧಿ ಬೆರಳು

ಪೆಟ್ಟಿಗೆಯೊಳಗೆ ನೀಲಿ ಬೆಳಕು ಹತ್ತಿಕೊಂಡಾಗ ಫಕೀರವ್ವ ಕಣ್ಣು ಮುಚ್ಚಿಕೊಂಡಳು. ಕೈ ಸುಡುತ್ತದೆಂದು ಓಣಿಯಲ್ಲಿ ಯಾರೋ ಹೆದರಿಸಿದ್ದರು. ಸುಡಲಿಲ್ಲ. ಅವಳ ಬಲಗೈ ಮೊಣಕೈಯವರೆಗೆ ಪೆಟ್ಟಿಗೆಯೊಳಗಿನ ಮೆತ್ತನೆಯ ಚೀಲದಲ್ಲಿ ಮಲಗಿತ್ತು. ಎದುರಿನ ಗೋಡೆಯ ಮೇಲೆ ಅದೇ ಕೈಯ ಚಿತ್ರ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಚರ್ಮ, ಆಮೇಲೆ ನರ, ಆಮೇಲೆ ಬೆರಳನ್ನು ಎಳೆಯುವ ಸ್ನಾಯುರಜ್ಜು, ಕಡೆಗೆ ಎಲುಬು. ಕಿರುಬೆರಳೂ ಉಂಗುರಬೆರಳೂ ಕೊಕ್ಕೆಯಂತೆ ಅಂಗೈಯತ್ತ ಬಾಗಿದ್ದವು.

ಕಣ್ಣು ತೆರೆದು ಗೋಡೆ ನೋಡಿದವಳು, ಇಷ್ಟು ದೊಡ್ಡ ಕೈ ಇದ್ದಿದ್ದರೆ ರೊಟ್ಟಿ ಬೇಗ ತಟ್ಟಬಹುದಾಗಿತ್ತು ಅಂದಳು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಸಿಂಚನಾ ನಕ್ಕಳು. ರಜೆಗೆಂದು ಗದಗಿನಿಂದ ಬಂದಿದ್ದ ಹುಡುಗಿ. ಅಷ್ಟು ಸೆಕೆಯಲ್ಲೂ ಅಂಗಿಯ ಉದ್ದ ತೋಳನ್ನು ಬೆರಳು ಮುಚ್ಚುವಂತೆ ಎಳೆದುಕೊಂಡು ಕುಳಿತದ್ದನ್ನು ಡಾಕ್ಟರ್ ಅಂಬಿಕಾ ಮುಗದೂರ ಆಗಲೇ ಗಮನಿಸಿದ್ದಳು.

ಆ ಯಂತ್ರಕ್ಕೆ ಅಂಬಿಕಾ ಇಟ್ಟ ಹೆಸರು ಪದರದರ್ಶಕ. ಜನ ಅದನ್ನು ಕೈಪೆಟ್ಟಿಗೆ ಅನ್ನುತ್ತಿದ್ದರು. ನಮ್ಮ ಮೈಯ ಚರ್ಮ, ರಜ್ಜು, ಪೊರೆಗಳೆಲ್ಲ ಕೊಲಾಜನ್ ಎಂಬ ನಾರಿನಂಥ ವಸ್ತುವಿನಿಂದ ಆದವು. ವರ್ಷ ಕಳೆದಂತೆ ಈ ನಾರುಗಳ ನಡುವೆ ಕಣ್ಣಿಗೆ ಕಾಣದ ಗಂಟುಗಳು ಬೀಳುತ್ತ ಹೋಗುತ್ತವೆ. ಎಷ್ಟು ಗಂಟು ಬಿದ್ದಿವೆ ಎಂಬುದನ್ನು ಬೆಳಕು ಹಾಯಿಸಿ ನೋಡಿದರೆ ಯಾವ ನಾರು ಯಾವ ಕಾಲದ್ದು ಎಂದು ತಿಳಿಯುತ್ತದೆ. ಮರದ ಕಾಂಡದಲ್ಲಿ ಉಂಗುರ ಎಣಿಸಿದ ಹಾಗೆ. ಬೆರಳು ಯಾವಾಗ ಬಾಗತೊಡಗಿತು, ಯಾವುದು ಅದನ್ನು ಬಾಗಿಸಿತು ಎಂದು ಕೈಯೇ ಹೇಳುವಂತೆ ಮಾಡುವುದು ಆ ಯಂತ್ರದ ಕೆಲಸ.

ಹೊರಗಿನಿಂದ ನೋಡಿದರೆ ಬಾಗಿದ ಬೆರಳುಗಳೆಲ್ಲ ಒಂದೇ. ಒಳಗಿನ ಕಾರಣ ಬೇರೆ ಬೇರೆ. ಕುಷ್ಠದಲ್ಲಿ ಮೊಣಕೈ ಹತ್ತಿರ ಹಾದುಹೋಗುವ ನರ ಕೆಡುತ್ತದೆ. ಅದನ್ನು ನೆಚ್ಚಿದ ಅಂಗೈಯ ಸಣ್ಣ ಸ್ನಾಯುಗಳು ಸೊರಗಿ ಬೆರಳು ಮಡಚಿಕೊಳ್ಳುತ್ತದೆ. ಯುರೋಪಿನ ಉತ್ತರ ಭಾಗದ ಮುದುಕರಲ್ಲಿ ನರ ಚೆನ್ನಾಗಿದ್ದರೂ ಅಂಗೈ ಚರ್ಮದ ಕೆಳಗಿನ ಪೊರೆ ದಪ್ಪಗಟ್ಟಿ, ಹಗ್ಗದಂತಾಗಿ ಬೆರಳನ್ನು ಎಳೆಯುತ್ತದೆ. ಅಲ್ಲಿಯ ಜನ ಅದನ್ನು ಶಾಪ ಎಂದರು, ಕುದುರೆಗಾಡಿಯ ಲಗಾಮು ಹಿಡಿದು ಬಂದದ್ದು ಎಂದರು. ಪ್ಯಾರಿಸ್ಸಿನ ವೈದ್ಯನೊಬ್ಬ ಇನ್ನೂರು ವರ್ಷಗಳ ಕೆಳಗೆ ಅಂಗೈ ಬಿಡಿಸಿ, ಕೆಟ್ಟದ್ದು ರಜ್ಜು ಅಲ್ಲ, ಪೊರೆ ಎಂದು ತೋರಿಸುವವರೆಗೆ ಅನೇಕ ವೈದ್ಯರು ಬೇರೆ ಕಡೆಯೇ ಕತ್ತರಿ ಆಡಿಸುತ್ತಿದ್ದರು. ಇನ್ನು ಕೆಲವು ಮನೆತನಗಳಲ್ಲಿ ಮಕ್ಕಳು ಬೆಳೆಯುವ ವಯಸ್ಸಿನಲ್ಲಿ ಕಿರುಬೆರಳಿನ ರಜ್ಜು ಎಲುಬಿನಷ್ಟು ಬೇಗ ಉದ್ದವಾಗುವುದಿಲ್ಲ. ಬೆರಳು ತಾನಾಗಿ ಬಾಗುತ್ತದೆ. ಅದು ಯಾರಿಗೂ ಅಂಟುವುದಿಲ್ಲ, ನೋಯುವುದೂ ಅಪರೂಪ. ಈ ಚರಿತ್ರೆಯನ್ನು ಓದುತ್ತ ಓದುತ್ತ ಅಂಬಿಕಾಗೆ ಒಂದು ವಿಷಯ ಮನಸ್ಸಿಗೆ ನಾಟಿತ್ತು. ಬೆರಳು ಬಾಗಿದ್ದು ಕಂಡರೆ ಮನುಷ್ಯರು ಮೊದಲು ಹುಡುಕುವುದು ಕಾರಣವನ್ನಲ್ಲ, ತಪ್ಪನ್ನು.

ಯಂತ್ರಕ್ಕೆ ಕಲಿಸಬೇಕಾದರೆ ಪ್ರತಿ ಕೈಯ ಚಿತ್ರದ ಕೆಳಗೆ ಆ ರೋಗದ ಹೆಸರನ್ನು ಬರೆದುಕೊಡಬೇಕು. ೨೦೬೧ರ ಹೊತ್ತಿಗೆ ಕುಷ್ಠ ಹೊಸದಾಗಿ ಯಾರಿಗೂ ಬರುತ್ತಿರಲಿಲ್ಲ. ಆ ಕೈಗಳು ಉಳಿದದ್ದು ರೋಗಿಗಳನ್ನು ಊರಾಚೆ ಇರಿಸಿದ್ದ ಹಳೆಯ ಕಾಲೊನಿಗಳಲ್ಲಿ ಮಾತ್ರ. ಅದಕ್ಕೇ ಅವಳು ಕಪ್ಪತಗುಡ್ಡದ ತಪ್ಪಲಿನ ದಯಾನಗರಕ್ಕೆ ವ್ಯಾನು ತಂದಿದ್ದಳು. ಜೊತೆಗೆ ಯಂತ್ರ ನಡೆಸುವ ಮೌನೇಶ.

ಗೋಡೆಯ ಮೇಲೆ ಚಿತ್ರ ಪೂರ್ತಿಯಾಯಿತು. ಮೌನೇಶ ಹುಬ್ಬು ಗಂಟಿಕ್ಕಿದ. ಯಂತ್ರ ಕೆಟ್ಟಿದೆಯೇನೋ ಎಂದು ತನ್ನ ಕೈಯನ್ನೇ ಇಟ್ಟು ನೋಡಿದ. ಸರಿಯಾಗಿತ್ತು. ಫಕೀರವ್ವನ ಕೈಯನ್ನು ಮತ್ತೆ ಇಡಿಸಿದರು. ಮತ್ತೆ ಅದೇ ಉತ್ತರ ಬಂತು. ಮೊಣಕೈಯಿಂದ ಬೆರಳ ತುದಿಯವರೆಗೆ ನರ ಸ್ವಚ್ಛವಾಗಿತ್ತು. ಅದು ಒಂದು ದಿನವೂ ಕೆಟ್ಟಿರಲಿಲ್ಲ. ಬೆರಳು ಬಾಗತೊಡಗಿದ್ದು ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ, ರಜ್ಜು ಗಿಡ್ಡವಾಗಿ.

ಅಂಬಿಕಾ ಏನೂ ತೋರಗೊಡದೆ, ಬೆರಳು ಹೀಗಾದದ್ದು ಮೊದಲು ಯಾರು ನೋಡಿದರು ಎಂದು ಕೇಳಿದಳು.

ಬಳೆಗಾರ ಅಂದಳು ಫಕೀರವ್ವ. ಅಕ್ಕನ ಲಗ್ನಕ್ಕೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡಿಸುತ್ತಿದ್ದರು. ಬಳೆಗಾರ ಅವಳ ಬೆರಳುಗಳನ್ನು ಒತ್ತಿ ಕೂಡಿಸಿ ಹಸಿರು ಬಳೆ ಏರಿಸುತ್ತಿದ್ದವನು, ಕಿರುಬೆರಳು ನೆಟ್ಟಗಾಗದ್ದನ್ನು ಕಂಡು ಅರ್ಧಕ್ಕೇ ಕೈ ಬಿಟ್ಟ. ತನ್ನ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅಷ್ಟು ಸಾಕಾಯಿತು. ಕುಷ್ಠದ ಆಸ್ಪತ್ರೆಗೆ ತೋರಿಸೋಣ ಎಂದು ತಾಯಿ ಅತ್ತಳು. ಆ ಆಸ್ಪತ್ರೆಯ ಬಾಗಿಲಲ್ಲಿ ನಿಂತದ್ದನ್ನು ಊರವರು ಕಂಡರೆ ಅಕ್ಕನ ಲಗ್ನ ಮುರಿಯುತ್ತದೆ ಎಂದು ತಂದೆ ಬೇಡವೆಂದ. ತೋರಿಸದೆಯೇ ರೋಗ ಇದೆ ಎಂದಾಯಿತು. ಲಗ್ನಕ್ಕೆ ಮೊದಲೇ ಅವಳನ್ನು ಇಲ್ಲಿಗೆ ತಂದು ಬಿಟ್ಟರು. ಇಲ್ಲಿದ್ದವರು ಬೆರಳು ನೋಡಿ, ಎಲ್ಲರಿಗೂ ಕೊಟ್ಟ ಮಾತ್ರೆಯನ್ನೇ ಕೊಟ್ಟರು. ಆಗ ಅವಳಿಗೆ ಹದಿನೈದು. ಈಗ ಎಂಬತ್ತರ ಹತ್ತಿರ.

ಸಂತೋಷದ ಸುದ್ದಿ ಹೇಳುತ್ತಿದ್ದೇನೆ ಎಂದೇ ಅಂಬಿಕಾ ಅವಳ ಮುಂದೆ ಕುಳಿತಳು.

"ಯವ್ವಾ, ನಿಮಗ ಆ ರೋಗ ಇಲ್ಲ. ಎಂದೂ ಬಂದೇ ಇಲ್ಲ."

ಫಕೀರವ್ವ ಬಾಗಿಲ ಕಡೆ ನೋಡಿದಳು.

"ಬಾಗಲಾ ಹಾಕ್ರಿ," ಅಂದಳು.

ಮೌನೇಶ ಬಾಗಿಲು ಹಾಕಿ ಬಂದ.

"ಯಾರ ಮುಂದರ ಹೇಳೀರೇನು?"

"ಇನ್ನೂ ಇಲ್ಲ."

"ಹಂಗಾರ ಹೇಳಬ್ಯಾಡ್ರಿ ಅಕ್ಕಾರ."

ಆಮೇಲೆ ಅವಳು ಹೇಳಿದ್ದರಿಂದ ಅಂಬಿಕಾಗೆ ವಿಷಯ ತಿಳಿಯಿತು. ದಯಾನಗರದ ಮನೆಗಳು ರೋಗಿಗಳಿಗೆ, ಅವರ ಉಸಿರಿರುವವರೆಗೆ. ರೋಗವಿಲ್ಲದವರಿಗೆ ಅಲ್ಲಿ ಹಕ್ಕಿಲ್ಲ. ಹಿಂದಿನ ಓಣಿಯ ಹನಮಂತಪ್ಪನಿಗೆ ರೋಗ ಇರಲಿಲ್ಲ, ಹೆಂಡತಿಗೆ ಇತ್ತು. ಅವಳು ತೀರಿಕೊಂಡ ಮೇಲೆ ಕಾಲೊನಿಯ ಮಂಡಳಿಯವರು ಬಂದು ಅವನ ಸಾಮಾನು ಹೊರಗಿಟ್ಟು ಮನೆ ಕೆಡವಿದರು. ಮುದುಕ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಫಕೀರವ್ವನ ಗಂಡ ಯಮನಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ಆ ಮನೆ ನಿಂತದ್ದು ಅವಳ ರೋಗದ ಮೇಲೆ.

"ಐತಿ ಅಂತ ಒಂದು ಮನಿ ಬಿಡಿಸಿದ್ರು," ಅಂದಳು. "ಈಗ ಇಲ್ಲಂತ ಇದನ್ನ ಬಿಡಸ್ತೀರೇನು?"

ಆಮೇಲೆ ಮುದುಕಿ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು.

"ನಮ್ಮ ಮನಿಯವರಿಗೆ ಬೆರಳಽ ಇರಲಿಲ್ಲ. ನಾನ ತುತ್ತು ಮಾಡಿ ಉಣಸ್ತಿದ್ದೆ. ನನಗ ಬಂದದ್ದು ನಿನಗೂ ಬಂದೈತಿ, ನಿನ್ನ ಮುಂದ ನನಗ ನಾಚಿಕಿಲ್ಲ ಅಂತಿದ್ರು. ಈಗ ನನಗ ಬಂದಿರಲೇ ಇಲ್ಲ ಅಂದ್ರ, ಅವರ ಮುಂದ ನಾ ಸುಳ್ಳಾಡಿದಂಗ ಆಗೂದಿಲ್ಲೇನು?"

ಸಂಜೆ ವ್ಯಾನು ಹೆದ್ದಾರಿ ಮುಟ್ಟಿದ ಕೂಡಲೇ ದಿನದ ಚಿತ್ರಗಳೆಲ್ಲ ತಾವಾಗಿಯೇ ಆರೋಗ್ಯ ಇಲಾಖೆ ಸೇರುತ್ತಿದ್ದವು. ಅಳಿಸಲು ಬರುತ್ತಿರಲಿಲ್ಲ. ಒಂದೇ ದಾರಿಯಿತ್ತು. ಚಿತ್ರದ ಕೆಳಗೆ ಕುಷ್ಠ ಎಂದು ಬರೆಯುವ ಅಧಿಕಾರ ಯಂತ್ರಕ್ಕೆ ಕಲಿಸುವವಳಾದ ಅಂಬಿಕಾಗಿತ್ತು. ಅವಳು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ.

ಬರೆದುಬಿಡಿ ಮೇಡಂ, ಇಷ್ಟು ಕೈಗಳಲ್ಲಿ ಒಂದು ಕೈ, ಯಾರಿಗೆ ಗೊತ್ತಾಗುತ್ತದೆ ಎಂದು ಮೌನೇಶ ಮೆಲ್ಲಗೆ ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಂಬಿಕಾಳ ಬೆರಳು ಅಕ್ಷರಗಳ ಮೇಲೆ ಹೋಗಿ ನಿಂತಿತು. ಯಂತ್ರಕ್ಕೆ ಗೊತ್ತಾಗುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ನರ ಸ್ವಚ್ಛವಿದ್ದು ಬೆರಳು ಬಾಗಿದ ಕೈಗಳು ಅದರ ನೆನಪಿನಲ್ಲಿ ಇನ್ನೂ ಬೆರಳೆಣಿಕೆಯಷ್ಟು. ಈ ಒಂದರ ಕೆಳಗೆ ಸುಳ್ಳು ಹೆಸರು ಬರೆದರೆ ಅದು ಅದನ್ನೇ ಪಾಠವೆಂದು ತಿಳಿಯುತ್ತದೆ. ನಾಳೆ ಊರೂರಿನಲ್ಲಿ ಹುಡುಗಿಯರ ಬೆರಳು ನೋಡಿ ಬಳೆಗಾರ ಮಾಡಿದ್ದನ್ನೇ ಮಾಡುತ್ತದೆ.

ಇದನ್ನು ಅವಳು ಫಕೀರವ್ವನಿಗೆ ಬಿಡಿಸಿ ಹೇಳಿದಳು. ಬಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ.

"ನಾವು ತಪ್ಪು ಹೇಳಿದ್ರ ಅದೂ ತಪ್ಪ ಕಲೀತೈತೇನ್ರಿ?"

"ಹೌದ್ರಿ."

ಫಕೀರವ್ವ ಮೊಮ್ಮಗಳ ಕಡೆ ತಿರುಗಿದಳು.

"ಕೈ ತಗೀ ಬೇ."

"ನಂದೇನೂ ಇಲ್ಲ ಆಯಿ."

"ನಿಂದು ಏನೈತಿ ಅಂತ ನನಗ ಗೊತ್ತೈತಿ. ನಾನೂ ಸೆರಗಿನ್ಯಾಗ ಹಿಂಗ ಮುಚ್ಚಿ ಇಟ್ಟಾಕಿನ."

ಸಿಂಚನಾ ಅಳುತ್ತ ತೋಳು ಮೇಲೆ ಸರಿಸಿದಳು. ಎಡಗೈ ಕಿರುಬೆರಳು ಒಂದಿಷ್ಟು ಬಾಗಿತ್ತು. ಅವ್ವನಿಗೆ ಗೊತ್ತು, ಆದರೆ ಡಾಕ್ಟರರಿಗೆ ತೋರಿಸುವುದು ಬೇಡ, ತೋರಿಸಿದರೆ ನಿಮ್ಮ ಅಜ್ಜಿ ಎಲ್ಲಿರುತ್ತಾಳೆಂದು ಕೇಳುತ್ತಾರೆ ಎಂದಿದ್ದಳಂತೆ.

ಪೆಟ್ಟಿಗೆ ಹುಡುಗಿಯ ಕೈಯನ್ನು ಓದಿತು. ಅಜ್ಜಿಯದೇ ನರ, ಅಜ್ಜಿಯದೇ ರಜ್ಜು. ಇನ್ನೂ ಬೆಳೆಯುವ ವಯಸ್ಸಾದ್ದರಿಂದ ರಾತ್ರಿ ಬೆರಳಿಗೆ ಒಂದು ಸಣ್ಣ ಪಟ್ಟಿ ಕಟ್ಟಿಕೊಂಡರೆ ನೆಟ್ಟಗಾಗುತ್ತದೆ ಎಂದಳು ಅಂಬಿಕಾ. ಇದಕ್ಕೆ ಏನನ್ನುತ್ತಾರೆ ಎಂದು ಫಕೀರವ್ವ ಕೇಳಿದಳು. ಕ್ಯಾಂಪ್ಟೊಡ್ಯಾಕ್ಟಿಲಿ, ಗ್ರೀಕ್ ಭಾಷೆಯಲ್ಲಿ ಬಾಗಿದ ಬೆರಳು ಎಂದಷ್ಟೇ ಅದರ ಅರ್ಥ ಎಂದಾಗ ಮುದುಕಿಗೆ ನಗು ಬಂತು.

"ಬಾಗಿದ ಬೆರಳಿಗೆ ಬಾಗಿದ ಬೆರಳು ಅನ್ನಾಕ ಇಷ್ಟು ಓದಬೇಕೇನವಾ?"

ನಕ್ಕು ಮುಗಿದ ಮೇಲೆ, "ಇಬ್ಬರದೂ ಅದ ಹೆಸರಿನ ಮ್ಯಾಲೆ ಕಳಸ್ರಿ," ಅಂದಳು. ಮನೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಕೈಪೆಟ್ಟಿಗೆ ಮುಂದಿನ ವರ್ಷ ತಾಲೂಕು ಆಸ್ಪತ್ರೆಗಳಿಗೆಲ್ಲ ಬಂತು. ಬೇರೆ ಕಾಲೊನಿಗಳಲ್ಲೂ ಫಕೀರವ್ವನಂಥವರು ಸಿಕ್ಕರು. ಒಬ್ಬನದು ಎಳೆತನದ ಸುಟ್ಟ ಗಾಯ, ಇನ್ನೊಬ್ಬಳದು ಹುಟ್ಟಿನಿಂದ ಬಂದ ಗಿಡ್ಡ ರಜ್ಜು. ಪತ್ರಿಕೆಗಳು ದಿನವೂ ಅವರ ಕತೆ ಬರೆದವು. ಅವರಿಗೆ ಒಂದು ಹೆಸರೂ ಹುಟ್ಟಿಕೊಂಡಿತು, ನಿರಪರಾಧಿಗಳು ಎಂದು. ನಿರಪರಾಧಿಗಳ ಕ್ಷಮೆ ಕೇಳಬೇಕು ಎಂದು ಸಭೆಗಳಾದವು. ಸರಕಾರ ಕ್ಷಮೆ ಕೇಳಿತು. ಆ ಬೆನ್ನಿಗೇ, ರೋಗಿಗಳಲ್ಲ ಎಂದು ಸಾಬೀತಾದವರು ಕಾಲೊನಿಯ ಮನೆ ಬಿಡಬೇಕು, ಅವರಿಗೆ ಪಟ್ಟಣದ ವಸತಿ ಕಟ್ಟಡದಲ್ಲಿ ಒಂದೊಂದು ಕೋಣೆ ಕೊಡಲಾಗುವುದು ಎಂಬ ಆದೇಶವೂ ಬಂತು. ಅಂಬಿಕಾ ಇಲಾಖೆಯ ಮೆಟ್ಟಿಲು ಹತ್ತಿ ಇಳಿದಳು. ರೋಗ ಇಲ್ಲ ಎಂದವರು ನೀವೇ ಅಲ್ಲವೇ ಎಂದು ಅಲ್ಲಿಯವರು ಮರ್ಯಾದೆಯಿಂದಲೇ ಕೇಳಿದರು.

ಮನೆ ಕೆಡವುವ ದಿನ ಅವಳು ದಯಾನಗರಕ್ಕೆ ಹೋದಳು. ಗೋಡೆ ಆಗಲೇ ಬಿದ್ದಿತ್ತು. ಫಕೀರವ್ವನ ಸಾಮಾನು ಓಣಿ ದಾಟಿ ಎದುರಿನ ತಿಪ್ಪವ್ವನ ಮನೆ ಸೇರಿತ್ತು. ಪಟ್ಟಣದ ಕೋಣೆಯ ಬೀಗದ ಕೈಯನ್ನು ಮಂಡಳಿಯವರು ಕೊಟ್ಟರೆ ಅವಳು ತೆಗೆದುಕೊಂಡಿರಲಿಲ್ಲ. ತಿಪ್ಪವ್ವನಿಗೆ ಎರಡೂ ಕೈಯ ಬೆರಳು ಸವೆದು ಮೊಂಡಾಗಿದ್ದವು. ಆ ಕೈಗಳಲ್ಲೇ ತಂಬಿಗೆ ತಬ್ಬಿ ಹಿಡಿದು ಅಂಬಿಕಾಗೆ ನೀರು ತಂದಳು.

"ಬರೊಬ್ಬರಿ ಶಾಣ್ಯಾಕಿ ಇಕಿ," ಎಂದು ಫಕೀರವ್ವನನ್ನು ತೋರಿಸಿದಳು. "ರೋಗ ಇಲ್ದಿದ್ರೂ ನಮ್ಮ ಮಾತ್ರಿ ಎಲ್ಲಾ ತಿಂದು ಕುಂತಾಳ. ಈಗ ನನ್ನ ಮನಿ ತಿನ್ನಾಕ ಬಂದಾಳ."

"ನಿನ್ನ ಮನ್ಯಾಗ ತಿನ್ನಾಕ ಏನೈತಿ, ಹಳಸಿದ ಪುಂಡಿಪಲ್ಲೆ," ಎಂದಳು ಫಕೀರವ್ವ.

ಅಂಬಿಕಾ ಕ್ಷಮೆ ಕೇಳಲು ಬಾಯಿ ತೆರೆದಳು. ಫಕೀರವ್ವ ತಡೆದಳು. ಸಿಂಚನಾಳ ಬೆರಳು ನೆಟ್ಟಗಾಗಿದೆ, ಅವಳೀಗ ಗಿಡ್ಡ ತೋಳಿನ ಅಂಗಿ ಹಾಕುತ್ತಾಳೆ, ನಿಮ್ಮ ಮೇಲೆ ಸಿಟ್ಟಿಲ್ಲ ಅಂದಳು. ಒಂದು ಮಾತು ಮಾತ್ರ ಕೇಳುವುದಿದೆ, ಓದಿದವರು ಹೇಳಬೇಕು ಎಂದಳು.

"ಪೇಪರಿನ್ಯಾಗ ನನ್ನ ನಿರಪರಾಧಿ ಅಂತ ಬರದಾರಂತ. ಹಂಗಾರ ನಮ್ಮ ಮನಿಯವರು ಏನು ಅಪರಾಧ ಮಾಡಿದ್ರು? ಈ ತಿಪ್ಪಿ ಏನು ಮಾಡಿದ್ಲು?"

ತಿಪ್ಪವ್ವ ತನಗಲ್ಲ ಎಂಬಂತೆ ಹೊರಗೆ ನೋಡುತ್ತ ಕುಳಿತಿದ್ದಳು. ಅಂಬಿಕಾ ನೀರು ಕುಡಿದು ತಂಬಿಗೆ ಕೆಳಗಿಟ್ಟಳು. ನರದ ವಯಸ್ಸು, ನಾರಿನ ವಯಸ್ಸು ಅವಳ ಯಂತ್ರಕ್ಕೆ ಗೊತ್ತಿತ್ತು. ಯಾರಿಗೆ ಯಾವ ರೋಗ ಇಲ್ಲ ಎಂದು ಅದು ತಪ್ಪಿಲ್ಲದೆ ಹೇಳುತ್ತಿತ್ತು. ಈ ಪ್ರಶ್ನೆಯನ್ನು ಅದರ ಮುಂದೆ ಹೇಗೆ ಇಡುವುದೆಂದೇ ಅವಳಿಗೆ ತಿಳಿಯಲಿಲ್ಲ. ಇರಲಿ ಬಿಡು, ಊಟ ಮಾಡಿಕೊಂಡು ಹೋಗು ಎಂದರು ಇಬ್ಬರೂ. ಅವಳು ಉಂಡು ಹೊರಟಳು.

ಹೆದ್ದಾರಿ ಸೇರುವಲ್ಲಿ ಒಂದು ಚಹಾದ ಅಂಗಡಿ. ಅಂಬಿಕಾ ವ್ಯಾನಿನಿಂದ ಇಳಿದಾಗ ಅಂಗಡಿಯವನು ವ್ಯಾನಿನ ಮೇಲೆ ಬರೆದ ಯಂತ್ರದ ಹೆಸರು ಓದಿದ. ಆ ಕಾಲೊನಿಯ ಕಡೆಯಿಂದ ಬಂದಿರೇನು ಎಂದು ಕೇಳಿದ. ಹೌದು ಎಂದಳು.

"ಚಲೋ ಮಷಿನ್ ಮಾಡೀರಿ ನೋಡ್ರಿ," ಅಂದ ಅವನು ಪ್ರೀತಿಯಿಂದ. "ಪಾಪ, ಏನೂ ಇಲ್ಲದವರು ಅಲ್ಲಿ ಹೋಗಿ ಕುಂತಿದ್ರಂತ. ಇನ್ನ ಆ ಚಿಂತಿಲ್ಲ. ಇದ್ದವರನ್ನಷ್ಟ ದೂರ ಇಟ್ರ ಆತು."

ಚಹಾ ಸೋಸಿ ಗ್ಲಾಸು ತುಂಬಿಸಿದ. ಅವಳು ಕೈ ಚಾಚಿದಳು. ಅವನು ಗ್ಲಾಸನ್ನು ಆ ಕೈಗೆ ಕೊಡದೆ ಪಕ್ಕದ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಅವಳ ಕೈ ಒಂದು ಗಳಿಗೆ ಹಾಗೆಯೇ ಗಾಳಿಯಲ್ಲಿ ನಿಂತಿತು. ಅದರ ಐದೂ ಬೆರಳು ನೆಟ್ಟಗಿದ್ದವು.