ಎಡಗೈ ವೆನಿಲ್ಲಾ, ಬಲಗೈ ವೆನಿಲ್ಲಾ

“ಅಮ್ಮಾ, ಎರಡೂ ಸ್ಟ್ರಾಬೆರಿ ಆಗೋಯ್ತು.”

ಹರ್ಷಿಣಿ ಕಂಪಾಸ್ ಬಾಕ್ಸ್ ತೆರೆದು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅತ್ತರಿನ ಅಂಗಡಿಯವನು ಸ್ಯಾಂಪಲ್ ಹಚ್ಚಿ ಕೊಟ್ಟ ಎರಡು ಕಾಗದದ ಪಟ್ಟಿಗಳು. ಅವುಗಳ ಪಕ್ಕದಲ್ಲೇ ಅವಳ ಗುಲಾಬಿ ಬಣ್ಣದ ಸ್ಟ್ರಾಬೆರಿ ಸೆಂಟ್ ರಬ್ಬರ್.

ಅಮ್ಮ ಜಲಜಾ ಬಗ್ಗಿ ಮೂಸಿದಳು. “ಅಚ್ಛಾ. ರಬ್ಬರ್ ಫಸ್ಟ್ ಬಂದಿದೆ.”

“ಹಂಸೋ ಮತ್, ನಗ್ಬೇಡ ಅಮ್ಮ. ಈಗ ಹೇಗೆ ಡಿಸೈಡ್ ಮಾಡ್ಲಿ?”

ನಾಳೆ ಬೆಳಿಗ್ಗೆ ಅಮ್ಮ ಶಿಲ್ಲಾಂಗಿಗೆ ಹೊರಡುವವಳು. ಆಫೀಸಿನ ಕೆಲಸ, ಆರು ತಿಂಗಳು. ಒಂದೇ ಅತ್ತರನ್ನು ಎರಡು ಪುಟ್ಟ ಸೀಸೆಗಳಲ್ಲಿ ತರುವುದೆಂದು ಮಾತಾಗಿತ್ತು. ಒಂದು ಅಮ್ಮನ ಸೂಟ್‌ಕೇಸಿಗೆ, ಇನ್ನೊಂದು ಹರ್ಷಿಣಿಯ ದಿಂಬಿನ ಹತ್ತಿರಕ್ಕೆ. ಬೆಳಿಗ್ಗೆ ಅಂಗಡಿಯಲ್ಲಿ ಮೂಸಿ ಮೂಸಿ ಕೊನೆಗೆ ಎರಡು ಉಳಿದಿದ್ದವು. ಎರಡೂ ವೆನಿಲ್ಲಾ, ಒಂದರಲ್ಲಿ ಚಕ್ಕೆಯ ಘಾಟು, ಇನ್ನೊಂದರಲ್ಲಿ ಲವಂಗದ ಬಿಸುಪು. ಆರಿಸುವ ಕೆಲಸ ಹರ್ಷಿಣಿಯದು. ಸೂಟ್‌ಕೇಸಿಗೆ ಬೀಗ ಹಾಕುವ ಚೈನ್ ತರಲು ಮಾರ್ಕೆಟ್ಟಿಗೆ ಹೋದ ಅಪ್ಪ, ಯಾವುದನ್ನು ತರಲಿ ಎಂದು ಏಳಕ್ಕೆ ಫೋನ್ ಮಾಡುವವರಿದ್ದರು.

“ನಿಂಗೆ ಚಕ್ಕೆಯದೇ ಇಷ್ಟ ಆಗಿತ್ತಲ್ವಾ?”

“ಅದು ಬೆಳಿಗ್ಗೆ.”

ಅಮ್ಮ ಕೈ ಒರೆಸಿಕೊಂಡು ಫ್ರಿಜ್ ಮೇಲಿನ ಪುಟ್ಟ ನೋಟ್‌ಬುಕ್ ತೆಗೆದಳು. ಅವಳಿಗೆ ಮಣ್ಣು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಯಾವುದನ್ನೂ ಒಂದೇ ಸಲ ನೋಡಿ ನಂಬುವವಳಲ್ಲ; ತಪ್ಪು ಬರೆದರೆ ಅಳಿಸದೆ ಗೆರೆ ಎಳೆಯುವವಳು.

“ಅಂಗಡಿ ಭಯ್ಯಾ ನನ್ನ ಕೈಗೂ ಹಚ್ಚಿದ್ದ. ಎಡಗೈಗೆ ಚಕ್ಕೆ, ಬಲಗೈಗೆ ಲವಂಗ. ಓದು.”

‘೧೧ ಗಂಟೆ: ಚಕ್ಕೆ ಜೋರು. ಲವಂಗಕ್ಕೆ ಸಂಕೋಚ.
೧ ಗಂಟೆ, ಪಾತ್ರೆ ತೊಳೆದ ಮೇಲೆ: ಎರಡೂ ಸಮ.
೪ ಗಂಟೆ, ಬಟ್ಟೆ ಮಡಚಿದ ಮೇಲೆ: ಚಕ್ಕೆಯನ್ನು ಹುಡುಕಬೇಕು.’

ಶಾಲೆಯಲ್ಲಿ ಹಿಂದಿ ಓದುವ ಹರ್ಷಿಣಿ ಕನ್ನಡದ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ಇವತ್ತು ಅಮ್ಮ ಸೂಟ್‌ಕೇಸ್ ತುಂಬಿದ್ದಳು, ಮಗಳ ಯೂನಿಫಾರಂಗಳಿಗೆ ಇಸ್ತ್ರಿ ಹಾಕಿದ್ದಳು, ಅಪ್ಪನಿಗೆ ತಿಳಿಯಲೆಂದು ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಳು.

“ಇದನ್ನೆಲ್ಲ ಯಾವಾಗ ಬರ್ದೆ?”

“ಮಧ್ಯೆ ಮಧ್ಯೆ.”

“ಮತ್ತೆ ಆನ್ಸರ್ ನಿಂಗೇ ಗೊತ್ತಲ್ಲ.”

“ಯಾವುದು ಎಷ್ಟು ಹೊತ್ತು ಇರತ್ತೆ ಅಂತ ಗೊತ್ತು. ನಿಂಗೆ ಯಾವುದು ಬೇಕು ಅಂತ ಗೊತ್ತಿಲ್ಲ.” ಅಮ್ಮ ಎರಡೂ ಕೈ ಮುಂದೆ ಚಾಚಿದಳು.

ಎಡಗೈಯಲ್ಲಿ ಬರೀ ಸೋಪು. ಬಲಗೈಯಲ್ಲಿ ಮೊದಲು ಹುಳಿಯ ಇಂಗು. ಹರ್ಷಿಣಿ ಕಣ್ಣು ಮುಚ್ಚಿ ಕಾದಳು. ಇಂಗಿನ ಹಿಂದೆ ವೆನಿಲ್ಲಾ ಬೆಚ್ಚಗೆ ಕೂತಿತ್ತು, ಎಲ್ಲಿಗೂ ಅವಸರವಿಲ್ಲದಂತೆ. ಅವಳು ಆ ಕೈಯನ್ನು ಬಿಡಲಿಲ್ಲ.

ಫೋನ್ ರಿಂಗಾಯಿತು.

“ಅಪ್ಪಾ, ಲವಂಗದ್ದು.”

“ಪಕ್ಕಾ? ಆಮೇಲೆ ಚೇಂಜ್ ಅನ್ಬಾರ್ದು.”

“ಪಕ್ಕಾ.”

ರಿಸೀವರ್ ಇಟ್ಟು ಅವಳು ಪೆನ್ಸಿಲ್ ತೆಗೆದುಕೊಂಡಳು. ಅಮ್ಮನ ಸಾಲುಗಳ ಕೆಳಗೆ, ಸೊಟ್ಟ ಸೊಟ್ಟ ಕನ್ನಡದಲ್ಲಿ ಬರೆದಳು: ‘೭ ಗಂಟೆ: ಲವಂಗ ಇದೆ.’

ಗಡಿಯಾರ ನೋಡಿದಳು. ಕೈ ರಬ್ಬರಿನತ್ತ ಹೋಯಿತು. ಅದನ್ನು ಬಾಕ್ಸಿನಲ್ಲೇ ಬಿಟ್ಟು, ಏಳರ ಮೇಲೆ ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘೭.೦೪’ ಎಂದು ಬರೆದಳು.